ಹೆಪ್ಪು ಕೊಟ್ಟ ಹಾಗೆ

ಹಾಲು ಕಾಯಿಸುತ್ತಿದ್ದೆ. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಮಿದುಳಿನ ಸಂಶೋಧಕಿ ಫೋನು ಮಾಡಿದಳು. ಹರಿಹರದ ಬಸ್ಸಿನಲ್ಲಿ ಅವಳ ಲ್ಯಾಪ್‌ಟಾಪ್ ಕಳೆದಿತ್ತು. ವರ್ಷವಿಡೀ ಕೂತು ಬಣ್ಣ ಹಚ್ಚಿ ಗುರುತಿಸಿದ ನರಗಳ ಚಿತ್ರಗಳೆಲ್ಲ ಅದರಲ್ಲಿದ್ದವು. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ನಕ್ಕಳು. “ಚಿತ್ರ ಎಲ್ಲಾ ಆನ್‌ಲೈನ್‌ನಾಗೂ ಐತ್ರಿ ಅಕ್ಕಾರೆ. ಬ್ಯಾರೆ ಬ್ಯಾರೆ ದೇಶದೋರು ಸೇರಿ ಮಾಡೋ ಕೆಲಸ. ನಮ್ಮತ್ರಾನೇ ಇಟ್ಕೊಂಡ್ರೆ ಏನ್ ಬಂತು?”

ಈ ಕೊನೆಯ ಮಾತನ್ನು ದಿನಾ ಅನ್ನುವಳು, ಎರಡೂ ಅಂಗೈ ಬಿಡಿಸಿ ತೋರಿಸುತ್ತ.

“ಕೊಟ್ಟಿದ್ದು ವಾಪಸ್ ಕೊಡ್ತಾರೇನವ್ವ?”

“ಪಕ್ಕದ ಮನೆಗೆ ಹೆಪ್ಪು ಕೊಡ್ತೀರಿ. ನಿಮ್ದು ಮುಗುದ್ರೆ ಅವರತ್ರ ಇಸ್ಕೊಂಬರಲ್ವಾ? ಇದೂ ಹಂಗೇ ರೀ.”

ಸಂಜೆ ನನ್ನ ಮಗಳ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಒಂದೂ ಕಳೆದಿರಲಿಲ್ಲ. ಅವಳು ಅರ್ಧಕ್ಕೆ ಬಿಟ್ಟಿದ್ದ ನರವೊಂದಕ್ಕೆ ಯಾವುದೋ ದೇಶದವರು ಬಣ್ಣ ತುಂಬಿ ಮುಗಿಸಿದ್ದರು.

ದೇವರು ದೊಡ್ಡವನು ಎಂದುಕೊಂಡು ಒಳಗೆ ಹೋಗಿ, ಆರಿದ್ದ ಹಾಲನ್ನು ಮತ್ತೆ ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿದೆ.