ಚಿಗವ್ವನ ದನಿಯ ಗುತ್ತಿಗೆದಾರ

ತಂಬ್ರಹಳ್ಳಿ ಬಸ್ಸಿನ ಕಂಡಕ್ಟರ್, ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನ ಮೈಕು, ನಮ್ಮಪ್ಪನ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನ ಸ್ವಂತ ದನಿ ಮಾತ್ರ ಹುಣಸೆಹಣ್ಣು ತಿಂದ ಮೇಕೆಯದು.

ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ಓಣಿಯ ಸೀಟು ಮಹಿಳೆಗೆ ಬಂತು. ಚಿಗವ್ವ ನಿಂತಳು. ಪ್ರಚಾರದ ಆಟೋದಲ್ಲಿ ಹಾಕಲು ಅವಳ ನಾಲ್ಕು ಮಾತು ಬೇಕಿತ್ತು. ಮೊಬೈಲ್ ಹಿಡಿದರೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಗಂಡ, ನನ್ನ ಕಾಕಾ, ನನ್ನ ಕಡೆ ತಿರುಗಿದ: "ಆಕಿ ದನಿ ನೀನಾ ತಗಿಲೇ. ಯಾರಿಗೆ ಗೊತ್ತಾಕ್ಕತಿ?"

ತೆಗೆದೆ. ದನಿ ಅವಳದೇ, ಮಾತು ಅವಳು ಎಂದೂ ಆಡದ್ದು: "ಅಂಗನವಾಡಿ ಸೂರು ಸೋರಾಕತ್ತೈತಿ. ನನ್ನ ಆರಿಸ್ರಿ, ರಿಪೇರಿ ಮಾಡಸ್ದ ಬಿಡಂಗಿಲ್ಲ!"

ಆ ಗಟ್ಟಿಗಿತ್ತಿ ಇದ್ದದ್ದು ನನ್ನ ತಲೆಯೊಳಗೆ, ಗೆದ್ದವಳು ಚಿಗವ್ವ. ಜನ ಬರೀ ಎದುರಿಗಿದ್ದವರಿಗೆ ಓಟು ಹಾಕುವುದಿಲ್ಲ. ಇಂಥವಳೊಬ್ಬಳು ಇರಬೇಕಿತ್ತು ಎಂದು ಮನಸ್ಸಿನಲ್ಲಿ ಕಟ್ಟಿಕೊಂಡವಳಿಗೂ ಹಾಕುತ್ತಾರೆ.

ಆಮೇಲೆ ಮೀಟಿಂಗಿಗೆ ಹೋಗುತ್ತಿದ್ದವನು ಕಾಕಾ. ಇಲ್ಲಿ ಅದೇ ರೂಢಿ: ಗೆಲ್ಲುವುದು ಹೆಂಡತಿ, ಮೆಂಬರ್ ಅನ್ನಿಸಿಕೊಳ್ಳುವುದು ಗಂಡ. ಸೂರಿನ ಮಾತು ಮಾತ್ರ ಏಳಲೇ ಇಲ್ಲ. ಗ್ರಾಮಸಭೆಯ ಹಿಂದಿನ ದಿನ ಚಿಗವ್ವ ನನ್ನನ್ನು ಕರೆದಳು.

"ಆಟೋದಾಗ ಹಾಕಿದ್ದಿಯಲ್ಲ, ಅದನ್ನ ಹಚ್ಚು."

ಹಚ್ಚಿದೆ. ಮತ್ತೆ ಹಚ್ಚೆಂದಳು.

"ನಾ ಹಿಂಗ ಮಾತಾಡ್ತೀನೇನು?"

"ಮಾತಾಡಿದ್ರ ಹಿಂಗಾ ಇರ್ತೈತಿ ಅನ್ಕಂಡಿದ್ನಿ, ಚಿಗವ್ವ."

"ಮೂಗಿನಾಗ ಮಾತಾಡ್ಸೀಯಲ್ಲೋ ಮಂಗ್ಯಾ! ನಾಳಿ ನಾನಾ ಹೊಕ್ಕೀನಿ."

ಮರುದಿನ ಸಭೆಯಲ್ಲಿ ಕಾಕಾ ಮೆಂಬರ್ ಕುರ್ಚಿಯಿಂದ ಎದ್ದು "ನಮ್ಮನಿಯಾಕಿ ಪರವಾಗಿ" ಅನ್ನುವಷ್ಟರಲ್ಲಿ ಚಿಗವ್ವ ಎದ್ದುನಿಂತಳು. "ನೀವು ಕುಂದರ್ರಿ."

ಕಾಕಾ ಕುರ್ಚಿ ಬಿಟ್ಟು ಜನರ ನಡುವೆ ಹೋಗಿ ಕೂತ. ಆದರೆ ಅವಳು ಮತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಗುಟ್ಟು ಅಷ್ಟರಲ್ಲಿ ಓಣಿಗೆಲ್ಲ ತಿಳಿದಿತ್ತು; ಹಿಂದಿನಿಂದ ಯಾರೋ ನನ್ನನ್ನು ತಿವಿದರು: "ತಗಿಯಪ, ನಿಮ್ಮ ಚಿಗವ್ವನ ದನಿ!" ನಗು ಎದ್ದಿತು. ನನಗೂ ನಾಲಿಗೆ ತುರಿಸಿತು. ನನ್ನಂಥವನು ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಉಪವಾಸವಿದ್ದ ಹಾಗೆ. ಇದ್ದೆ.

"ಸೂರು ಸೋರತೈತ್ರಿ," ಅಂದಳು. ಸೆರಗು ಬಾಯಿಂದ ಸರಿದಿತ್ತು. "ಕೂಸುಗಳಿಗೆ ಕುಂದ್ರಾಕ ಜಾಗಿಲ್ಲ. ಮಳಿಗಿಂತ ಮೊದ್ಲ ರಿಪೇರಿ ಆಗ್ಬೇಕು. ಬರಕಳ್ರಿ."

"ಬರಕಂತೀವಿ ಬಿಡವ್ವ, ಕುಂದ್ರು," ಅಂದರು ಪಂಚಾಯ್ತಿ ಅಧಿಕಾರಿ.

ಕೂರಲಿಲ್ಲ. "ಈಗ ಬರೀರಿ. ಬರದಿದ್ದು ಓದಿ ಹೇಳ್ರಿ."

ನಾನು ಕಟ್ಟಿದ ಗಟ್ಟಿಗಿತ್ತಿಗೆ ಈ ಮಾತು ಹೊಳೆಯುತ್ತಿರಲಿಲ್ಲ. ಅಧಿಕಾರಿ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆಯೇ ಚಿಗವ್ವ ಕೂತಳು, ಮೆಂಬರ್ ಕುರ್ಚಿಯ ಮೇಲೆ.