ಹನ್ನೊಂದು ಎಂದವಳಿಗೆ ಎರಡು ಏಟು

ಸಾವಿರದ ಒಂಬೈನೂರ ಹತ್ತೋ ಹನ್ನೊಂದೋ ಇರಬೇಕು. ಆಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನ ಗಂಡ ಶಾಲಾ ಮೇಷ್ಟರಾಗಿದ್ದರು. ಮದುವೆಯಾದ ಮೇಲೆ ದಿನವೂ ಮನೆಯಲ್ಲೇ ಕೂರಿಸಿಕೊಂಡು ನನಗೆ ಓದು, ಬರಹ, ಲೆಕ್ಕ ಕಲಿಸಿದ್ದರು. ಒಂದು ವರ್ಷ ಪ್ಲೇಗು ಬಂದಾಗ ಅವರು ತೀರಿಕೊಂಡರು. ನನ್ನ ತವರು ನನ್ನಿವಾಳ. ಅಲ್ಲಿ ಅಪ್ಪನೂ ಇರಲಿಲ್ಲ, ಅವ್ವನೂ ಇರಲಿಲ್ಲ. ಹಾಗಾಗಿ ಚಳ್ಳಕೆರೆಯ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅಣ್ಣನ ಮನೆ ಸೇರಿದೆ. ಅತ್ತಿಗೆಯ ಅಡುಗೆಮನೆಯಲ್ಲಿ ಎರಡು ವರ್ಷ ಕಳೆಯಿತು.

ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೆಂಗಸರು ಬೇಕಾಗಿದ್ದಾರೆ, ಓದು ಬಲ್ಲ ವಿಧವೆಯರಿಗೆ ತರಬೇತಿ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ಅಣ್ಣನನ್ನು ಬೇಡಿ ಬೇಡಿ ಒಪ್ಪಿಸಿದೆ. ಅಣ್ಣ ಒಂದೇ ಮಾತು ಹೇಳಿದ.

"ಹೋಗು. ಪಾಸಾದ್ರೆ ನಿನ್ನ ಅನ್ನ ನೀನು ದುಡ್ಕೊಂಡು ತಿನ್ನು. ಫೇಲಾದ್ರೆ ಮತ್ತೆ ಓದೋ ಮಾತು ಎತ್ಬೇಡ. ನಮ್ಮನೇಲಿ ಒಲೆ ಐತೆ, ನೀನಿದ್ದೀಯ."

ತರಬೇತಿಯ ಕೊನೆಗೆ ಪಾಠದ ಪರೀಕ್ಷೆ ಇರುತ್ತಿತ್ತು. ಗುರುತಿಲ್ಲದ ಶಾಲೆಯೊಂದರಲ್ಲಿ ಒಂದು ದಿನ ಪೂರ್ತಿ ಪಾಠ ಮಾಡಬೇಕು. ಪರೀಕ್ಷಕರು ಹಿಂದೆ ಕುಳಿತು ನೋಡಿ ಅಂಕ ಹಾಕುತ್ತಾರೆ. ನನಗೆ ಸಿಕ್ಕಿದ್ದು ಮೊಳಕಾಲ್ಮೂರಿನ ಒಂದು ಚಿಕ್ಕ ಶಾಲೆ. ವಿಷಯ ಗಣಿತ, ಪಾಠ ಭಾಗಾಕಾರ. ಗಾಡಿಯಲ್ಲಿ ಹಿಂದಿನ ದಿನವೇ ಹೋಗಿ ಹೆಡ್ ಮೇಷ್ಟರ ಮನೆಯಲ್ಲಿ ಇಳಿದುಕೊಂಡೆ. ಆ ಬೀದಿಯಲ್ಲಿ ಮನೆಮನೆಯಲ್ಲೂ ಮಗ್ಗ. ಬೆಳಗಾಗುವ ಮೊದಲೇ ಸದ್ದು ಶುರುವಾಗುತ್ತಿತ್ತು.

ತರಗತಿಯಲ್ಲಿ ಇಪ್ಪತ್ತರ ಆಸುಪಾಸು ಹೆಣ್ಣುಮಕ್ಕಳಿದ್ದರು. ಅರ್ಧಕ್ಕರ್ಧ ನೇಕಾರರ ಮಕ್ಕಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವರ ಮನೆಮಾತಿನಲ್ಲಿ ಪಾಠ ಹೇಳುವ ಹೆಂಗಸಿಗೆ ಪಂತುಲಮ್ಮ ಎನ್ನುತ್ತಾರೆ. ನಾನು ಒಳಗೆ ಕಾಲಿಡುತ್ತಲೇ ಅವರಿಗೆ ಪಂತುಲಮ್ಮ ಆದೆ. ನಾನು ಮಡಿಲು ತುಂಬ ಹುಣಸೆಬೀಜ ಒಯ್ದಿದ್ದೆ. ಬೀಜಗಳನ್ನು ಗುಂಪು ಗುಂಪಾಗಿ ಹಂಚಿಸಿ ಭಾಗಾಕಾರ ತೋರಿಸಿದೆ. ಮಕ್ಕಳು ಮುಗಿಬಿದ್ದು ಕಲಿತರು. ನನಗೂ ಧೈರ್ಯ ಬಂತು.

ಪರೀಕ್ಷಕರು ಜರಿಪೇಟ, ಕರೀ ಕೋಟು ತೊಟ್ಟು ಹಿಂದೆ ಕುರ್ಚಿಯಲ್ಲಿ ಕುಳಿತಿದ್ದರು. ಮಧ್ಯಾಹ್ನದವರೆಗೆ ಅವರು ಬಾಯಿ ಬಿಡಲಿಲ್ಲ. ಆಮೇಲೆ ಎದ್ದು ಮುಂದೆ ಬಂದರು.

"ಸಾಕು ನಿಲ್ಲಿಸಮ್ಮ. ನಾನೇ ಒಂದು ಲೆಕ್ಕ ಕೇಳ್ತೀನಿ. ಒಬ್ಬ ನೇಕಾರನ ಹತ್ತಿರ ಹನ್ನೆರಡು ಗಜ ಬಟ್ಟೆ ಇದೆ. ದಿನಕ್ಕೆ ಒಂದು ಸಲ ಕತ್ತರಿ ಹಾಕಿ ಒಂದು ಗಜ ಬೇರೆ ಮಾಡ್ತಾನೆ. ಪೂರ್ತಿ ಬಟ್ಟೆ ಒಂದೊಂದು ಗಜದ ತುಂಡಾಗೋಕೆ ಎಷ್ಟು ದಿನ ಬೇಕು?"

ಮಕ್ಕಳೆಲ್ಲ ಒಟ್ಟಿಗೆ "ಹನ್ನೆರಡು" ಎಂದರು. ನನ್ನ ಮನಸ್ಸಿನಲ್ಲಿದ್ದದ್ದೂ ಹನ್ನೆರಡೇ. ಪರೀಕ್ಷಕರು ಸರಿ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಎರಡನೇ ಸಾಲಿನಿಂದ ಒಂದು ದನಿ ಬಂತು.

"ಪದಕೊಂಡು."

ತೆಲುಗಿನಲ್ಲಿ ಹನ್ನೊಂದು. ಹಾಗೆಂದವಳು ಚೌಡಮ್ಮ ಎಂಬ ಒಂಬತ್ತು ವರ್ಷದ ಹುಡುಗಿ. ಬೆಳಗಿನಿಂದ ಎಲ್ಲರಿಗಿಂತ ಮುಂಚೆ ಬೀಜ ಹಂಚಿ ಮುಗಿಸುತ್ತಿದ್ದವಳು ಅವಳೇ.

"ಕನ್ನಡದಲ್ಲಿ ಹೇಳು," ಎಂದರು ಪರೀಕ್ಷಕರು.

"ಹನ್ನೊಂದು ದಿನ ಸಾಕು ಸ್ವಾಮಿ."

"ತಪ್ಪು. ಕೂತ್ಕೋ."

ಅವಳು ಕೂರಲಿಲ್ಲ. ಹಟಕ್ಕಲ್ಲ. ಅವರಿಗೆ ತಿಳಿದಿಲ್ಲ, ತಿಳಿಸಿದರಾಯಿತು ಎಂದುಕೊಂಡ ಹಾಗಿತ್ತು. ಎಡಗೈಯ ಎರಡು ಬೆರಳು ಜೋಡಿಸಿ ಹಿಡಿದು, ಬಲಗೈ ಬೆರಳುಗಳನ್ನು ಕತ್ತರಿಯ ಹಾಗೆ ನಡುವೆ ಆಡಿಸಿದಳು.

"ಎರಡು ಗಜ ಐತೆ ಅನ್ನಿ ಸ್ವಾಮಿ. ಒಂದು ಸಲ ಕತ್ತರಿಸಿದ್ರೆ ಎರಡು ತುಂಡಾಯ್ತು. ಎರಡನೇ ದಿನ ಬಂದು ಏನು ಕತ್ತರಿಸ್ತಾನೆ?"

ಮಕ್ಕಳು ಕಿಸಕ್ಕನೆ ನಕ್ಕರು. ಆಗ ನನಗೆ ಹೊಳೆಯಿತು. ಕೊನೆಯ ಗಜಕ್ಕೆ ಕತ್ತರಿಯೇ ಬೇಡ. ಹುಡುಗಿ ಹೇಳಿದ್ದು ಸರಿ. ನಾನು, ಪರೀಕ್ಷಕರು, ಉಳಿದ ಮಕ್ಕಳು, ಎಲ್ಲರೂ ತಪ್ಪು.

ಪರೀಕ್ಷಕರ ಹೆಬ್ಬೆರಳು ಅದೇ ಕೈಯ ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯತೊಡಗಿತು. ನಾನು ಅದನ್ನು ಕಣ್ಣಾರೆ ನೋಡಿದೆ. ಒಂದು ಗೆಣ್ಣಿಗೆ ಬಂದು ಹೆಬ್ಬೆರಳು ನಿಂತಿತು. ಅವರ ಮುಖ ಕೆಂಪಾಯಿತು. ಅವರಿಗೂ ಗೊತ್ತಾಯಿತು. ಗೊತ್ತಾದ ಮೇಲೆ ಅವರು ಆಡಿದ ಮಾತು ಇದು:

"ಬೆತ್ತ ಎಲ್ಲಿ?"

ಹೆಡ್ ಮೇಷ್ಟರು ಓಡಿಹೋಗಿ ತಂದರು. ಪರೀಕ್ಷಕರು ಅದನ್ನು ನನ್ನ ಕೈಗೆ ಕೊಡಿಸಿದರು.

"ದೊಡ್ಡವರಿಗೆ ಎದುರು ಮಾತಾಡ್ತಾಳೆ. ಎರಡು ಕೊಡಮ್ಮ. ಮಕ್ಕಳನ್ನ ಹತೋಟೀಲಿ ಇಡೋಕೆ ನಿನಗೆ ಬರುತ್ತೋ ಇಲ್ಲವೋ ಅದನ್ನೂ ನಾನು ಬರೀಬೇಕು."

"ಸ್ವಾಮಿ, ಅವಳು ಹೇಳಿದ್ದು..." ಎಂದೆ.

"ನಿನ್ನನ್ನ ಲೆಕ್ಕ ಕೇಳಲಿಲ್ಲ ನಾನು."

ಅಣ್ಣನ ಮನೆಯ ಒಲೆ ಕಣ್ಣ ಮುಂದೆ ಬಂತು. ಆ ಹೊಗೆ, ಅತ್ತಿಗೆಯ ಮಾತು, ಇನ್ನು ಸಾಯುವವರೆಗೂ ಅದೇ. ಚೌಡಮ್ಮ ಆಗಲೇ ಅಂಗೈ ಚಾಚಿದ್ದಳು. ನಾನು ಎರಡು ಏಟು ಕೊಟ್ಟೆ. ಮೆಲ್ಲಗೆ ಕೊಟ್ಟೆ ಎಂದು ಸುಳ್ಳು ಹೇಳಲಾರೆ. ಪರೀಕ್ಷಕರಿಗೆ ಸದ್ದು ಕೇಳಿಸಬೇಕಿತ್ತು.

ಅವಳು ಅಳಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನನಗೊಬ್ಬಳಿಗೇ ಕೇಳುವ ಹಾಗೆ, "ಹನ್ನೆರಡಾ ಪಂತುಲಮ್ಮ?" ಎಂದಳು.

ಪರೀಕ್ಷಕರು ನನ್ನನ್ನೇ ನೋಡುತ್ತಿದ್ದರು. ನಾನು "ಹೂಂ" ಎಂದೆ.

ಅವಳು ಕುಳಿತು, ಸ್ಲೇಟಿನಲ್ಲಿದ್ದದ್ದನ್ನು ಒರೆಸಿ, ಹನ್ನೆರಡು ಎಂದು ಬರೆದಳು.

ಶಾಲೆ ಬಿಟ್ಟಾಗ ಪರೀಕ್ಷಕರು, "ಪಾಠ ಚೆನ್ನಾಗಿತ್ತಮ್ಮ. ಶಿಸ್ತೂ ಇದೆ. ನಾಳೆ ಬೆಳಗ್ಗೆ ಶಾಲೆಗೆ ಬಂದು ಕಾಗದಕ್ಕೆ ರುಜು ಹಾಕಿ ಹೋಗ್ತೀನಿ," ಎಂದರು. ನಾನು ಕೈ ಮುಗಿದೆ. ಮುಗಿದ ಕೈಯನ್ನು ಕತ್ತರಿಸಿ ಹಾಕಬೇಕು ಅನ್ನಿಸಿತು.

ಸಂಜೆ ಸುಮ್ಮನೆ ಕೂರಲಾಗದೆ ಚೌಡಮ್ಮನ ಮನೆ ವಿಚಾರಿಸಿಕೊಂಡು ಹೋದೆ. ಅವಳ ತಾಯಿ ಮಗ್ಗದಲ್ಲಿದ್ದಳು. ಹುಡುಗಿ ಪಕ್ಕದಲ್ಲಿ ಕುಳಿತು ರೇಷ್ಮೆ ಎಳೆ ಸುತ್ತುತ್ತಿದ್ದಳು. ನನ್ನನ್ನು ಕಂಡು ತಾಯಿ ಗಾಬರಿಯಾಗಿ ಎದ್ದಳು.

"ಬನ್ರಿ ಪಂತುಲಮ್ಮ. ಲೆಕ್ಕ ತಪ್ಪು ಹೇಳಿದ್ಲಂತೆ. ತಪ್ಪು ಮಾಡಿದ್ರೆ ಹೊಡೀರಿ, ನಾವೇನೂ ಅನ್ನಲ್ಲ."

"ಅವಳು ತಪ್ಪು ಹೇಳಲಿಲ್ಲ," ಎಂದೆ. "ಸರಿಯಾಗೇ ಹೇಳಿದಳು."

ತಾಯಿ ನನ್ನ ಕಡೆ ಒಂದು ಹೆಜ್ಜೆ ಇಟ್ಟಳು. "ಮತ್ತ್ಯಾಕೆ ಹೊಡೆದ್ರಿ?"

ಪರೀಕ್ಷೆ, ಸರ್ಟಿಫಿಕೇಟು, ಅಣ್ಣ ಎಂದೆಲ್ಲ ಏನೋ ತೊದಲಿದೆ. ಅವಳ ದನಿ ಏರಿತು.

"ನಿಮ್ಮ ಹೊಟ್ಟೆಪಾಡಿಗೆ ನನ್ನ ಮಗಳ ಕೈ ಬೇಕಿತ್ತಾ? ತಪ್ಪಿಗೆ ಹೊಡೆದ್ರೆ ಮಗು ಸರಿ ಕಲೀತೈತೆ. ಸರಿ ಹೇಳಿದ್ದಕ್ಕೆ ಹೊಡೆದ್ರೆ ಏನು ಕಲೀಬೇಕ್ರಿ ಅದು? ಹೊಡೆದಿದ್ದು ಎಲ್ಲರ ಮುಂದೆ. ಈಗ ಸಂಜೇಲಿ ಬಂದು ಮನೆಯೊಳಗೆ ಹೇಳ್ತೀರಿ. ಅಲ್ಲೇ ಹೇಳ್ರಿ ಹೋಗಿ."

ನಾನು ಚೌಡಮ್ಮನ ಕಡೆ ತಿರುಗಿ, "ಹನ್ನೊಂದೇ ಸರಿ ಮಗು," ಎಂದೆ.

ಅವಳು ಎಳೆಯಿಂದ ಕಣ್ಣು ಎತ್ತಲಿಲ್ಲ. "ನಂಗೊತ್ತಿತ್ತು. ನೀವು ಹೂಂ ಅಂದ್ರಲ್ಲ," ಎಂದಳು.

ಮರುದಿನ ಶಾಲೆಗೆ ಹೋದಾಗ ಎರಡನೇ ಸಾಲಿನಲ್ಲಿ ಅವಳ ಜಾಗ ಖಾಲಿ ಇತ್ತು. ಪರೀಕ್ಷಕರು ಮೇಜಿನ ಹತ್ತಿರ ನನ್ನ ಕಾಗದ ಬಿಚ್ಚಿಕೊಂಡು ಕುಳಿತಿದ್ದರು. ಇನ್ನೂ ರುಜು ಹಾಕಿರಲಿಲ್ಲ. ರುಜು ಬೀಳುವವರೆಗೆ ಕಾಯಬಹುದಿತ್ತು. ಆದರೆ ಕಾದರೆ ಆ ಮಾತು ನನ್ನ ಬಾಯಿಂದ ಎಂದೂ ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಲಗೆಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ.

"ಮಕ್ಕಳೇ, ನಿನ್ನೆ ಬಟ್ಟೆ ಲೆಕ್ಕಕ್ಕೆ ಚೌಡಮ್ಮ ಹೇಳಿದ ಉತ್ತರ ಸರಿ. ನಾವೆಲ್ಲ ತಪ್ಪು. ಅವಳನ್ನ ಹೊಡೆದಿದ್ದು ನನ್ನ ತಪ್ಪು. ಹೊಡೆಸಿದ್ದು ಈ ಸ್ವಾಮಿಯವರ ತಪ್ಪು."

ಪರೀಕ್ಷಕರು ಕಾಗದದಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದು, ರುಜು ಹಾಕಿ, ಪೇಟ ಸರಿಮಾಡಿಕೊಂಡು ಹೊರಟರು.

ನಾನು ಫೇಲಾದೆ. ಅಣ್ಣ ಹೇಳಿದ್ದ ಹಾಗೆಯೇ ಆಯಿತು. ಒಂದು ವರ್ಷ ಒಲೆ ಊದಿದೆ. ಆದರೆ ಈ ಸಲ ಅಳುತ್ತಾ ಕೂರಲಿಲ್ಲ. ಅಣ್ಣನೊಂದಿಗೆ ಜಗಳವಾಡಿ, ಅವನಿಗೆ ತಿಳಿಸಿಯೇ ಮತ್ತೆ ಅರ್ಜಿ ಹಾಕಿದೆ. ಮರುವರ್ಷ ಬೇರೆ ಪರೀಕ್ಷಕರು ಬಂದರು, ಪಾಸಾದೆ. ನಾಯಕನಹಟ್ಟಿಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಮೊಳಕಾಲ್ಮೂರಿಗೆ ಹೋಗಿ ವಿಚಾರಿಸಿದೆ. ಚೌಡಮ್ಮ ಆ ದಿನದ ನಂತರ ಶಾಲೆಗೆ ಬರಲೇ ಇಲ್ಲವಂತೆ. ಅವರ ಮನೆಯವರು ರಾಯದುರ್ಗದ ಕಡೆ ಹೋಗಿ ನೆಲೆಸಿದ್ದರು.

ನಾನು ಮೂವತ್ತು ವರ್ಷ ಪಾಠ ಹೇಳಿದೆ. ನಿವೃತ್ತಿಯ ಹತ್ತಿರ ಬಂದಾಗ ಒಂದು ಶಾಲೆಯ ಸಮಾರಂಭದಲ್ಲಿ ಆ ಪರೀಕ್ಷಕರು ಸಿಕ್ಕಿದರು. ತುಂಬ ಮುದುಕರಾಗಿದ್ದರು, ಕೊರಳಲ್ಲಿ ಹಾರವಿತ್ತು. ಹತ್ತಿರ ಹೋಗಿ ನನ್ನ ಹೆಸರು ಹೇಳಿದೆ. ಮೊಳಕಾಲ್ಮೂರು ಎಂದೆ, ಹನ್ನೆರಡು ಗಜ ಬಟ್ಟೆ ಎಂದೆ, ಆ ಹುಡುಗಿಯ ಹೆಸರನ್ನೂ ಹೇಳಿದೆ. ಅವರು ಪ್ರೀತಿಯಿಂದಲೇ ನಕ್ಕರು. "ಎಷ್ಟು ಶಾಲೆ ನೋಡಿದ್ದೀನಮ್ಮ. ಯಾವುದು ಅಂತ ನೆನಪಿಟ್ಕೊಳ್ಳಲಿ?" ಎಂದರು.

ಸುಳ್ಳಲ್ಲ, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅಂದು ಮನೆಗೆ ಬಂದವಳಿಗೆ ಅನ್ನ ಸೇರಲಿಲ್ಲ. ನನ್ನನ್ನು ಫೇಲು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ, ಅದು ಎಂದೋ ಆರಿಹೋಯಿತು. ನಾನು ಮರೆತಿಲ್ಲ. ಚೌಡಮ್ಮ ಎಲ್ಲೇ ಇರಲಿ, ಅವಳೂ ಮರೆತಿರಲಾರಳು. ಮರೆಯುವ ಸುಖ ಅವರೊಬ್ಬರಿಗೆ ಮಾತ್ರ ಸಿಕ್ಕಿತು.