ಸಾರಿಗೆ ಬೆರೆಸಿದ ಮಾತ್ರೆ

ಸಮೇತನಹಳ್ಳಿಯ ರೂಪ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ಗಂಡ ಅಶೋಕ್ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ಒಂದು ಪುಟ್ಟ ಮಗುವಿದೆ. ಮೊದಲು ಹಬ್ಬಕ್ಕಷ್ಟೇ ಕುಡಿಯುತ್ತಿದ್ದವನು ಆಮೇಲೆ ದಿನಾ ಸಂಜೆ ಕುಡಿಯತೊಡಗಿದ. ಆಸ್ಪತ್ರೆಗೆ ಕರೆದರೆ, "ನಾನೇನ್ ಹುಚ್ನಾ?" ಎನ್ನುತ್ತಿದ್ದ.

ಜೊತೆಯಲ್ಲಿ ಹೊಲಿಯುವ ನಿಶತ್‌ಳ ಅಣ್ಣ ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಕುಡಿತ ಬಿಟ್ಟಿದ್ದ. ಅವನ ಹತ್ತಿರ ಉಳಿದಿದ್ದನ್ನು ರೂಪ ಕಾಡಿಬೇಡಿ ತಂದಳು. ಯುಗಾದಿಯ ದಿನ ದೇವರಿಗೆ ಹೆದರಿ ಅಶೋಕ್ ಕುಡಿಯುವುದಿಲ್ಲ. ಮಾರನೆಯ ದಿನ ಹೊಸತೊಡಕು. ಮನೆಮನೆಯಲ್ಲೂ ಮಾಂಸ, ತೋಪಿನಲ್ಲಿ ಇಸ್ಪೀಟು, ಬಾಟಲಿ. ಅವತ್ತು ಬೆಳಿಗ್ಗೆ ಅವನ ಬಟ್ಟಲಿನ ಮಟನ್ ಸಾರಿಗೆ ಮಾತ್ರೆ ಪುಡಿಮಾಡಿ ಹಾಕಿದಳು. ಅವನು ಚಪ್ಪರಿಸಿ ಉಂಡು ಹೊರಟ.

ಇನ್ನು ಗಂಡ ಕುಡಿತ ಬಿಟ್ಟಂತೆಯೇ ಎಂಬ ಸಂತೋಷವನ್ನು ತಡೆಯಲಾರದೆ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ನವ್ಯಶ್ರೀಗೆ ಹೇಳಿದಳು. ನವ್ಯಶ್ರೀ ಎದ್ದು ನಿಂತುಬಿಟ್ಟಳು.

"ಅಯ್ಯೋ ರೂಪಕ್ಕ, ಅದು ಆಸೆ ಬಿಡ್ಸೋ ಮಾತ್ರೆ ಅಲ್ಲ. ಅದರ ಮೇಲೆ ಕುಡಿದ್ರೆ ಎದೆ ಬಡ್ಕೊಂಡು ಜೀವಕ್ಕೇ ಬರತ್ತೆ. ತಗೊಳ್ಳೋರ್ಗೆ ಹೇಳ್ದೆ ಕೊಡೋದಾ?"

ಅಶೋಕ್‌ಗೆ ಫೋನ್ ಮಾಡಿದರೆ ಅದು ಮನೆಯೊಳಗೆ ಟೀವಿಯ ಪಕ್ಕದಲ್ಲೇ ಬಡಿದುಕೊಂಡಿತು. ರೂಪ ಓಡಿದಳು. ಕೆರೆ ಏರಿಯ ಮೇಲೆ ಅವನಿರಲಿಲ್ಲ. ವೈನ್ ಶಾಪಿನ ಗುಂಪಿನಲ್ಲೂ ಇರಲಿಲ್ಲ. ಹೇಳಿದರೆ ಇನ್ನು ತನ್ನ ಕೈಯಡುಗೆ ಮುಟ್ಟುವುದಿಲ್ಲ, ಹೇಳದಿದ್ದರೆ ಮನುಷ್ಯನೇ ಇರುವುದಿಲ್ಲ. ದಾರಿಯ ಮುನೇಶ್ವರನಿಗೆ ನಿಲ್ಲದೆಯೇ ಕೈ ಮುಗಿದಳು. ಆ ನಮಸ್ಕಾರವೂ ದೇವರಿಗೆ ಸಂದಿರುತ್ತದೆಂದು ನನ್ನ ನಂಬಿಕೆ.

ನೀಲಗಿರಿ ತೋಪಿನಲ್ಲಿ ಅಶೋಕ್ ಇಸ್ಪೀಟೆಲೆ ಹಿಡಿದು ಕೂತಿದ್ದ. ಎದುರಿಗೆ ತುಂಬಿದ ಲೋಟ.

"ಬಂತು ನೋಡ್ಲಾ ರೈಡು!" ಎಂದ ಗೆಳೆಯ ಮುರಳಿ. "ಬನ್ನಿ ಅತ್ತಿಗೆ, ಒಂದಾಟ ಆಡಿ."

"ರೀ, ಮಗೀಗೆ ಜ್ವರ, ಬನ್ನಿ," ಎಂದಳು ರೂಪ.

"ಬೆಳಿಗ್ಗೆ ಕುಣೀತಿತ್ತಲ್ಲೇ. ಇದೊಂದ್ ಮುಗಿಸ್ಕೊಂಡ್ ಬರ್ತೀನಿ," ಎಂದು ಅಶೋಕ್ ಲೋಟ ಎತ್ತಿದ.

"ಕುಡೀಬೇಡಿ! ಸಾರಲ್ಲಿ ಕುಡಿತ ಬಿಡ್ಸೋ ಮಾತ್ರೆ ಹಾಕಿದೀನಿ. ಈಗ ಕುಡಿದ್ರೆ ಸತ್ತೋಗ್ತೀರಾ."

ಎಲೆ ಹಾಕುತ್ತಿದ್ದ ಕೈಗಳು ನಿಂತವು.

"ಲೇ ಅಶೋಕ, ಹಬ್ಬದೂಟಕ್ಕೇ ಮದ್ದಾಕವ್ಳೆ ಕಣ್ಲಾ ನಿನ್ನೆಂಡ್ರು!" ಮುರಳಿ ನಕ್ಕ. ಬೇರೆ ಯಾರೂ ನಗಲಿಲ್ಲ. ಅಶೋಕ್ ಲೋಟವನ್ನು ಹಾವನ್ನು ಬಿಟ್ಟಂತೆ ಬಿಟ್ಟ. ಮನೆಯವರೆಗೂ ಹಿಂತಿರುಗಿ ನೋಡದೆ ನಡೆದ.

ಊರೆಲ್ಲ ರೂಪಳನ್ನು ಮದ್ದು ಹಾಕಿದವಳೆಂದು ಆಡಿಕೊಂಡಿತು. ಅಶೋಕ್ ಹೋಟೆಲಿನಲ್ಲಿ ಉಣ್ಣತೊಡಗಿದ. ಕುಡಿಯಲು ಆಸೆ, ಸಾಯಲು ಭಯ. ರಾತ್ರಿಯೆಲ್ಲ ಹೊರಳಾಡುತ್ತಿದ್ದ. ತಡೆಯಲಾರದೆ ಒಂದು ದಿನ ತಾನೇ ಹೊಸಕೋಟೆಗೆ ಹೋಗಿ ಡಾಕ್ಟರನ್ನು ಕೇಳಿದ: "ಸಾರ್, ಈ ವಿಷ ಮೈಯಿಂದ ಯಾವಾಗ ಇಳಿಯುತ್ತೆ? ಯಾವತ್ತಿಂದ ಕುಡೀಬೋದು?"

ಡಾಕ್ಟರು ನಗಲಿಲ್ಲವಂತೆ. ಕುರ್ಚಿ ಎಳೆದು ಕೂರಿಸಿ, ಬಹಳ ಹೊತ್ತು ಮಾತಾಡಿಸಿದರಂತೆ. ಮತ್ತೆ ಬಾ ಎಂದರು, ಹೋದ. ನಡುವೆ ಒಂದು ಸಲ ಕುಡಿದೂ ಬಂದ. ಆದರೂ ಹೋಗುತ್ತಿದ್ದಾನೆ.

ಈಗ ಮನೆಯಲ್ಲೇ ಉಣ್ಣುತ್ತಾನೆ. ಆದರೆ ಅವನ ತಟ್ಟೆಯಿಂದ ಮೊದಲ ತುತ್ತನ್ನು ರೂಪ ಅವನೆದುರಿಗೇ ತಿನ್ನಬೇಕು.

"ಬೇಜಾರಾಗಲ್ವೇನಮ್ಮಾ?" ಎಂದು ಕೇಳಿದೆ.

"ಆಗತ್ತಕ್ಕ," ಎಂದಳು. "ತಿಂತೀನಿ."